ಬಲಿಪೀಠದಿಂದ ಮನೆಯ ಹೊಸ್ತಿಲಿಗೆ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಪ್ರವಚನ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದೆ. ಇಷ್ಟು ದೀರ್ಘಕಾಲ ಈ ಧರ್ಮಕೇಂದ್ರವನ್ನು ಕೈಹಿಡಿದು ನಡೆಸಿದ ಸರ್ವೇಶ್ವರನಿಗೆ ಮೊದಲು ಕೃತಜ್ಞತಾಸ್ತೋತ್ರವನ್ನು ಸಲ್ಲಿಸೋಣ. ತಳಪಾಯಕ್ಕೆ ಕಲ್ಲು ಹೊತ್ತವರು, ಗೋಡೆಗೆ ಗಾರೆ ಅರೆದವರು, ತಮ್ಮ ಬಡತನದಲ್ಲಿಯೂ ಹಿಡಿ ಅಕ್ಕಿ ತೆಗೆದಿಟ್ಟು ದೇವರ ಮನೆಗೆ ಕೊಟ್ಟ ತಾಯಂದಿರು, ಇವರೆಲ್ಲರೂ ಇಂದು ನಮ್ಮ ಸಮಾಧಿಭೂಮಿಯಲ್ಲಿ ಪುನರುತ್ಥಾನದ ನಿರೀಕ್ಷೆಯಿಂದ ವಿಶ್ರಮಿಸುತ್ತಿದ್ದಾರೆ. ಅವರನ್ನು ಪ್ರಾರ್ಥನೆಯಲ್ಲಿ ಸ್ಮರಿಸೋಣ.

ದೇವಾಲಯದ ಕಪಾಟಿನಲ್ಲಿ ಹಳೆಯ ದಾಖಲೆ ಪುಸ್ತಕಗಳಿವೆ. ಜ್ಞಾನಸ್ನಾನ ಪಡೆದವರು, ವಿವಾಹವಾದವರು, ಮರಣ ಹೊಂದಿದವರು, ಎಲ್ಲರ ಹೆಸರುಗಳೂ ಅವುಗಳಲ್ಲಿ ದೊರೆಯುತ್ತವೆ. ಆದರೆ ಭಾನುವಾರದ ಪೂಜೆ ಮುಗಿಸಿ ಮನೆಗೆ ಮರಳಿದ ಮೇಲೆ ನಾವು ಒಬ್ಬರೊಡನೊಬ್ಬರು ಹೇಗೆ ಬಾಳಿದೆವು ಎಂಬುದನ್ನು ಬರೆದಿಟ್ಟ ಪುಸ್ತಕ ಯಾವ ಗುರುವಿನ ಬಳಿಯೂ ಇಲ್ಲ. ಆ ಲೆಕ್ಕ ದೇವರ ಬಳಿ ಮಾತ್ರ ಇದೆ. ಅದರ ಕುರಿತಾಗಿಯೇ ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಬಲಿಪೂಜೆಯಲ್ಲಿ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ನಾವು ಅಕ್ಕಪಕ್ಕದವರತ್ತ ತಿರುಗಿ ಕೈಮುಗಿದು ಶಾಂತಿಯನ್ನು ಹಾರೈಸುತ್ತೇವೆ. ಆದಿ ಕ್ರೈಸ್ತರು ಇದನ್ನು ಪವಿತ್ರ ಚುಂಬನದ ಮೂಲಕ ಸೂಚಿಸುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ 1969ರಲ್ಲಿ ರೋಮ್ ಒಪ್ಪಿಗೆ ನೀಡಿದ 12 ಅಂಶಗಳಲ್ಲಿ, ಅಂಜಲಿಬದ್ಧರಾಗಿ ಶಾಂತಿಯನ್ನು ಹಂಚಿಕೊಳ್ಳುವುದೂ ಒಂದಾಗಿತ್ತು. ಅದು ನಮ್ಮ ನಾಡಿನ ಜನರಿಗೆ ಚೆನ್ನಾಗಿ ಅರ್ಥವಾಗುವ ಸಂಜ್ಞೆ. ನಮ್ಮಲ್ಲಿ ವೈಮನಸ್ಯವುಳ್ಳವರು ಕೈಮುಗಿಯುವುದಿಲ್ಲ. ಎದುರು ಬಂದರೆ ಮುಖ ತಿರುಗಿಸಿ ನಡೆಯುತ್ತಾರೆ.

ಬಲಿಪೀಠದಲ್ಲಿ ನಿಂತ ಗುರುವಿನ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು. ಬಲಗಡೆಯ ಅಪರಿಚಿತರಿಗೆ ನಗುಮುಖದಿಂದ ಕೈಮುಗಿದವರು, ಎಡಗಡೆ ಒಡಹುಟ್ಟಿದ ಅಣ್ಣನೇ ನಿಂತಿದ್ದರೂ ಅತ್ತ ತಿರುಗುವುದಿಲ್ಲ. ಕೆಲವು ಮನೆಯವರು ಮೊದಲನೆಯ ಪೂಜೆಗೆ ಬರುವುದೇ ದಾಯಾದಿಗಳು ಎರಡನೆಯ ಪೂಜೆಗೆ ಬರುತ್ತಾರೆಂಬ ಕಾರಣಕ್ಕೆ. ಇದು ನಮ್ಮ ಊರಿಗೆ ಮಾತ್ರ ಸೇರಿದ ಕಥೆ ಎಂದು ಯಾರೂ ಭಾವಿಸಬೇಕಾಗಿಲ್ಲ. ನಾನು ಸೇವೆ ಸಲ್ಲಿಸಿದ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇದನ್ನು ಕಂಡಿದ್ದೇನೆ.

ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಯೇಸು ಈ ವಿಷಯವನ್ನು ನೇರವಾಗಿಯೇ ಪ್ರಸ್ತಾಪಿಸಿದ್ದಾರೆ. ಕಾಣಿಕೆಯನ್ನು ಬಲಿಪೀಠದ ಬಳಿಗೆ ತಂದಾಗ, ಸಹೋದರನಿಗೆ ನಮ್ಮ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನ ಮಾಡಿಕೊಂಡು ಬರಬೇಕೆಂಬುದು ಅವರ ಆಜ್ಞೆ. ತಪ್ಪು ಯಾರದೆಂದು ಪ್ರಭು ಇಲ್ಲಿ ವಿಚಾರಿಸುವುದಿಲ್ಲ ಎಂಬುದನ್ನು ಗಮನಿಸಿರಿ. ಮನಸ್ತಾಪ ಅವನದು, ಆದರೂ ಎದ್ದು ಹೋಗಬೇಕಾದವರು ನಾವು.

1965ರಲ್ಲಿ ಮಹಾಸಭೆಯು ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ನಾವು ಒಪ್ಪಿಕೊಂಡ ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ನಡುವೆ ಇರುವ ಬಿರುಕನ್ನು ಈ ಯುಗದ ಗಂಭೀರ ದೋಷಗಳಲ್ಲಿ ಒಂದೆಂದು ಎಣಿಸಿತು. ಅದಕ್ಕೆ ಒಂದು ವರ್ಷ ಮೊದಲು, 1964ರಲ್ಲಿ, ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ ಕ್ರೈಸ್ತ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದಿತ್ತು. ಮನೆಯೇ ಧರ್ಮಸಭೆಯಾದರೆ ಅಲ್ಲಿಯೂ ಬಲಿಪೀಠವಿರಬೇಕು, ತ್ಯಾಗವಿರಬೇಕು, ಪರಸ್ಪರ ಕ್ಷಮೆ ಇರಬೇಕು. ಗೋಡೆಯ ಮೇಲೆ ಪವಿತ್ರ ಹೃದಯದ ಪಟವನ್ನು ತೂಗುಹಾಕಿದ ಮಾತ್ರಕ್ಕೆ ಆ ಹೆಸರು ಸಲ್ಲುವುದಿಲ್ಲ.

ಮೊದಲನೆಯದಾಗಿ, ಸತಿಪತಿಗಳ ಮಾತನ್ನು ತೆಗೆದುಕೊಳ್ಳೋಣ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸ್‌ರವರು, ಕುಟುಂಬದ ಪ್ರೀತಿಯನ್ನು ಕುರಿತು 2016ರಲ್ಲಿ ಪ್ರಕಟಿಸಿದ ಬೋಧನೆಯಲ್ಲಿ, ಅನುಮತಿ ಕೇಳುವ, ಉಪಕಾರ ನೆನೆಯುವ, ಕ್ಷಮೆ ಯಾಚಿಸುವ ಮೂರು ಮಾತುಗಳು ಮನೆಯಲ್ಲಿ ನಿತ್ಯವೂ ಕೇಳಿಬರಬೇಕೆಂದು ಒತ್ತಿಹೇಳಿದರು. ನಮ್ಮ ಸಂಸಾರಗಳಲ್ಲಿ ಗಂಡ ಹೆಂಡಿರು ಧನ್ಯವಾದಗಳನ್ನು ಹೇಳಿಕೊಳ್ಳುವ ವಾಡಿಕೆಯಿಲ್ಲ, ನಿಜ. ಆದರೆ ‘ಇವತ್ತು ಸಾರು ಚೆನ್ನಾಗಿದೆ’ ಎನ್ನುವುದೂ ಧನ್ಯವಾದವೇ. ‘ಬಿಸಿಲಲ್ಲಿ ದಣಿದು ಬಂದಿದ್ದೀರಿ, ಮೊದಲು ನೀರು ಕುಡಿಯಿರಿ’ ಎನ್ನುವುದೂ ಪ್ರೀತಿಯೇ. ದೇವಾಲಯದಲ್ಲಿ ಗಂಟಲೆತ್ತಿ ಸ್ತೋತ್ರ ಹಾಡುವ ಬಾಯಿ, ಮನೆಯಲ್ಲಿ ಇಷ್ಟು ಮಾತಿಗೂ ಬಡವಾದರೆ, ಆ ಹಾಡು ಎಲ್ಲಿಗೆ ತಲುಪೀತು? ಕೈಯೆತ್ತಿ ಹೊಡೆಯುವವರ ವಿಷಯದಲ್ಲಂತೂ ಹೇಳಬೇಕಾದದ್ದು ಒಂದೇ. ಹೆಂಡತಿಯ ಮೇಲೆ ಎತ್ತಿದ ಕೈಯನ್ನು, ಮನಸ್ಸು ತಿರುಗಿಸಿಕೊಳ್ಳದೆ, ಪರಮಪ್ರಸಾದಕ್ಕಾಗಿ ಚಾಚುವುದು ಘೋರ ಅಪಚಾರ.

ಎರಡನೆಯದಾಗಿ, ವೃದ್ಧ ತಾಯಿತಂದೆಗಳು. ಪ್ರಭು ಯೇಸುವಿನ ಕಾಲದಲ್ಲಿ ‘ಕೊರ್ಬಾನ್’ ಎಂಬ ಒಂದು ಪದ್ಧತಿಯಿತ್ತು. ತಾಯಿತಂದೆಯ ಪೋಷಣೆಗೆ ಸಲ್ಲಬೇಕಾದುದನ್ನು ‘ಇದು ದೇವರಿಗೆ ಮುಡಿಪು’ ಎಂದು ಸಾರಿ, ಮಕ್ಕಳು ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತಿದ್ದರು. ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಪ್ರಭು ಇದನ್ನು ಕಠೋರವಾಗಿ ಖಂಡಿಸುತ್ತಾರೆ. ಶತಮಾನೋತ್ಸವಕ್ಕೆ ಧಾರಾಳವಾಗಿ ಕಾಣಿಕೆ ನೀಡಿದ ನಿಮಗೆಲ್ಲ ನಾನು ಕೃತಜ್ಞನು. ಆದರೂ ಧರ್ಮಕೇಂದ್ರದ ಗುರುವಾಗಿ ಒಂದು ಮಾತನ್ನು ಹೇಳಲೇಬೇಕು. ಊರಿನ ಮನೆಯಲ್ಲಿ ತಾಯಿ ಔಷಧಕ್ಕಾಗಿ ನೆರೆಯವರ ಬಳಿ ಕೈಚಾಚುತ್ತಿದ್ದರೆ, ಅವಳ ಮಗನ ಹೆಸರನ್ನು ಕೆತ್ತಿದ ಅಮೃತಶಿಲೆ ಈ ದೇವಾಲಯಕ್ಕೆ ಬೇಡ. ಮೊದಲು ಆ ಹಣ ಅವಳ ಕೈ ಸೇರಲಿ. ಹೆತ್ತವರನ್ನು ಪೋಷಿಸಬೇಕೆಂದು ಸರ್ಕಾರ 2007ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಾಲ್ಕನೆಯ ದೈವಾಜ್ಞೆಯನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ ನಮಗೆ ಅಂಥ ಕಾನೂನಿನ ಭಯ ಬೇಕಾಗಬಾರದು.

ಮೂರನೆಯದಾಗಿ, ಒಡಹುಟ್ಟಿದವರ ನಡುವಣ ಆಸ್ತಿಪಾಲು. ನಮ್ಮ ಸಂಸಾರಗಳು ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಒಮ್ಮೆ ಒಬ್ಬಾತನು ಪ್ರಭುವಿನ ಬಳಿಗೆ ಬಂದು, ಪಿತ್ರಾರ್ಜಿತವನ್ನು ಪಾಲುಮಾಡಿಕೊಡಲು ತನ್ನ ಅಣ್ಣನಿಗೆ ಹೇಳಬೇಕೆಂದು ಬೇಡಿದನು. ಪ್ರಭು ತಾವು ಆ ನ್ಯಾಯತೀರ್ಮಾನಕ್ಕೆ ನೇಮಕವಾದವರಲ್ಲವೆಂದು ತಿಳಿಸಿ, ಎಲ್ಲ ಬಗೆಯ ದುರಾಶೆಯಿಂದಲೂ ದೂರವಿರಬೇಕೆಂದು ಎಚ್ಚರಿಸಿದರು. ಬದುವಿನ ಕಲ್ಲನ್ನು ಎಲ್ಲಿ ನೆಡಬೇಕೆಂಬುದನ್ನು ಭೂಮಾಪಕರು ಹೇಳಬಲ್ಲರು. ಮನಸ್ಸಿನ ದುರಾಶೆಗೆ ಬದು ಹಾಕುವವರು ನಾವೇ ಆಗಬೇಕು.

ಆದಿಕಾಂಡದ ಹದಿಮೂರನೆಯ ಅಧ್ಯಾಯದಲ್ಲಿ ಇದಕ್ಕೊಂದು ಮೇಲ್ಪಂಕ್ತಿಯಿದೆ. ಅಬ್ರಹಾಮನ ಮತ್ತು ಲೋಟನ ದನಕಾಯುವವರಲ್ಲಿ ಜಗಳವಾದಾಗ, ಹಿರಿಯನಾದ ಅಬ್ರಹಾಮನೇ ತಮ್ಮನ ಮಗನನ್ನು ಕರೆದು, ಬೇಕಾದ ಭೂಮಿಯನ್ನು ಮೊದಲು ಆರಿಸಿಕೊಳ್ಳುವಂತೆ ಹೇಳಿದನು. ಲೋಟನು ನೀರಾವರಿಯ ಬಯಲನ್ನು ಆರಿಸಿಕೊಂಡನು. ಅಬ್ರಹಾಮನಿಗೆ ಉಳಿದದ್ದು ಕಡಿಮೆಯದೆಂದು ತೋರಿತು; ಆದರೆ ದೇವರ ವಾಗ್ದಾನ ಉಳಿದದ್ದು ಅವನ ಪಾಲಿಗೆ.

ಹೆಣ್ಣುಮಕ್ಕಳ ಪಾಲಿನ ಬಗೆಗೂ ಸ್ಪಷ್ಟವಾಗಿ ಮಾತನಾಡಬೇಕು. ನಮ್ಮ ದೇವಾಲಯದಂತೆಯೇ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೂ ನೂರು ವರ್ಷ ತುಂಬಿದೆ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಅವನ ವಿಧವೆಗೂ, ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿಯೂ ಸಲ್ಲಬೇಕೆಂದು ಅದು ವಿಧಿಸುತ್ತದೆ. ನೆರೆಯ ಕೇರಳದ ಹಿಂದಿನ ತಿರುವಾಂಕೂರು ಭಾಗದಲ್ಲಿ ಹೆಣ್ಣುಮಕ್ಕಳಿಗೆ ಅತ್ಯಲ್ಪ ಪಾಲನ್ನು ಮಾತ್ರ ನೀಡುವ ಬೇರೊಂದು ಕಾಯಿದೆಯನ್ನು ಅನುಸರಿಸಲಾಗುತ್ತಿತ್ತು; ಮೇರಿ ರಾಯ್ ಎಂಬ ಮಹಿಳೆ ಹೂಡಿದ ದಾವೆಯಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿಯೂ ಸಮಪಾಲಿನ ಕಾಯಿದೆಯೇ ಅನ್ವಯಿಸುತ್ತದೆಂದು ತೀರ್ಪಿತ್ತಿತು. ನಮ್ಮಲ್ಲಿ ಕಾಯಿದೆಗೆ ಕೊರತೆಯಿಲ್ಲ. ‘ಮದುವೆಯಲ್ಲಿ ಒಡವೆ ಕೊಟ್ಟಾಯಿತಲ್ಲ, ಇನ್ನೇನು?’ ಎಂದು ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಜಾಣತನಕ್ಕೂ ಕೊರತೆಯಿಲ್ಲ. ಅವಳು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಪ್ರೀತಿ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಹಾಕಿದರೆ ಅದು ಅನ್ಯಾಯ. ಗಂಡುಸಂತಾನವಿಲ್ಲದ ಚಲ್ಪಹಾದನ ಐವರು ಹೆಣ್ಣುಮಕ್ಕಳು ತಂದೆಯ ಪಾಲನ್ನು ಕೇಳಿದಾಗ, ಅವರ ಮಾತು ನ್ಯಾಯವಾದದ್ದೆಂದು ದೇವರೇ ಮೋಶೆಗೆ ತಿಳಿಸಿದರೆಂದು ಸಂಖ್ಯಾಕಾಂಡ ಹೇಳುತ್ತದೆ.

ಸಮಾಧಾನ ಹೇಗೆ ಹುಟ್ಟುತ್ತದೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ನಿದರ್ಶನ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಮನೆಯನ್ನು ಪಾಲುಮಾಡಿ ನಡುವೆ ಗೋಡೆ ಎಬ್ಬಿಸಿದ್ದರು. ತೆಂಗಿನ ಮರಗಳು, ಕೊಪ್ಪರಿಗೆಗಳು, ಬಾವಿಯ ನೀರಿನ ಸರದಿ, ಎಲ್ಲವೂ ಪತ್ರದಲ್ಲಿ ಬರೆದಾಗಿತ್ತು. ಆದರೂ ಒಂದು ಗೇಣು ಹಿತ್ತಿಲಿಗಾಗಿ ಮೊಕದ್ದಮೆ ನಡೆಯುತ್ತಿತ್ತು. ಅವರ ಮುದಿತಾಯಿ ಸಂಜೆಯ ಜಪಸರಕ್ಕೆ ಯಾರ ಮನೆಯೊಳಗೂ ಕೂರಲಿಲ್ಲ. ಹೊರಗಿನ ಜಗಲಿಯ ಮೇಲೆ ಒಬ್ಬಳೇ ಕುಳಿತು ಗಟ್ಟಿಯಾಗಿ ಜಪಸರ ಹೇಳತೊಡಗಿದಳು. ಏಕೆಂದು ಕೇಳಿದಾಗ, ‘ಮನೆ ಪಾಲಾಯಿತು ಸ್ವಾಮಿ, ಜಗಲಿ ಇನ್ನೂ ಪಾಲಾಗಿಲ್ಲ’ ಎಂದಳು. ಮೊದಲು ಎರಡೂ ಮನೆಗಳ ಮಕ್ಕಳು ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತವು. ಆಮೇಲೆ ಸೊಸೆಯಂದಿರು ಬಂದರು. ತಪಸ್ಸುಕಾಲ ಮುಗಿಯುವ ಹೊತ್ತಿಗೆ ಗಂಡುಮಕ್ಕಳಿಬ್ಬರೂ ತಂತಮ್ಮ ಬಾಗಿಲಲ್ಲಿ ನಿಂತು ಉತ್ತರ ಹೇಳುತ್ತಿದ್ದರು. ಮೊಕದ್ದಮೆ ಕೂಡಲೇ ಮುಗಿಯಲಿಲ್ಲ. ಅದು ಹಿಂತೆಗೆಯಲ್ಪಡಲು ಮತ್ತೆ ಎರಡು ವರ್ಷ ಹಿಡಿಯಿತು. ಆದರೆ ಒಂದೇ ಪ್ರಾರ್ಥನೆಗೆ ಉತ್ತರ ಕೊಟ್ಟವರು ಒಬ್ಬರನ್ನೊಬ್ಬರು ‘ಅಣ್ಣಾ’, ‘ತಮ್ಮಾ’ ಎಂದು ಕರೆಯುವ ದಿನವೂ ಬಂದಿತು.

ಕೊನೆಯದಾಗಿ, ನಮ್ಮ ಸಮುದಾಯ. ಮನೆಯ ಗೋಡೆಗಿಂತ ಹಳೆಯದಾದ ಇನ್ನೊಂದು ಗೋಡೆ ನಮ್ಮ ನಡುವೆ ಇದೆ, ಅದು ಜಾತಿ. ಒಂದೇ ಪಾತ್ರೆಯಿಂದ ಪ್ರಭುವಿನ ಶರೀರವನ್ನು ಸ್ವೀಕರಿಸಿ, ಮದುವೆಯ ಮಾತು ಬಂದಾಗ ‘ಅವರು ಯಾವ ಜನ?’ ಎಂದು ಪಿಸುಗುಟ್ಟುವವರಿದ್ದಾರೆ. ದಲಿತ ಸಬಲೀಕರಣವನ್ನು ಕುರಿತು 2016ರಲ್ಲಿ ಹೊರತಂದ ನೀತಿಯಲ್ಲಿ ಭಾರತದ ಧರ್ಮಾಧ್ಯಕ್ಷರು ಜಾತಿಭೇದವನ್ನು ಪಾಪವೆಂದೇ ಪರಿಗಣಿಸಿದ್ದಾರೆ. ಪಾಪವೆಂದ ಮೇಲೆ ಅದು ಆತ್ಮಪರಿಶೋಧನೆಗೂ ಪಾಪನಿವೇದನೆಗೂ ಬರಬೇಕು. ಹಾಗೆಯೇ ಅನ್ಯಧರ್ಮೀಯ ನೆರೆಯವರ ಮನೆಯಲ್ಲಿ ಸಾವಾದಾಗ ಮೊದಲು ಓಡುವವರು, ಅವರ ಹಬ್ಬದ ಸಂತೋಷದಲ್ಲಿ ಮನಸಾರೆ ಹಿಗ್ಗುವವರು ನಾವಾಗಬೇಕು. ನಮ್ಮ ಶುಭಸಂದೇಶವನ್ನು ಅವರು ಓದಿರಲಾರರು. ನಮ್ಮ ನಡತೆಯನ್ನು ದಿನವೂ ಓದುತ್ತಾರೆ.

ಪ್ರಿಯರೇ, ಶತಮಾನೋತ್ಸವದ ಮಹಾಪೂಜೆಗೆ ಇನ್ನೂ ಕೆಲವು ವಾರಗಳಿವೆ. ದೇವಾಲಯಕ್ಕೆ ಹೊಸ ಬಣ್ಣ ಬಳಿದಾಗಿದೆ, ಗಂಟೆಗೋಪುರಕ್ಕೆ ದೀಪಗಳು ಬಂದಿವೆ. ಪ್ರತಿಯೊಂದು ಕುಟುಂಬವೂ ಇನ್ನೊಂದು ಸಿದ್ಧತೆಯನ್ನು ಮಾಡಿಕೊಳ್ಳಬೇಕೆಂದು ಬೇಡುತ್ತೇನೆ. ಯಾರೊಡನೆ ಮಾತು ನಿಂತಿದೆಯೋ ಅವರ ಹೆಸರನ್ನು ಇಂದು ರಾತ್ರಿ ಪ್ರಾರ್ಥನೆಯಲ್ಲಿ ದೇವರ ಮುಂದೆ ಹೇಳಿರಿ. ಈ ವಾರವೇ ಅವರ ಮನೆಗೆ ಹೋಗಿರಿ. ಒಬ್ಬರೇ ಹೋಗಿ ಮಾತನಾಡುವುದು ಮೊದಲ ಹೆಜ್ಜೆ. ಅದು ಫಲಿಸದಿದ್ದರೆ ಇಬ್ಬರು ಹಿರಿಯರನ್ನು ಕರೆದೊಯ್ಯುವುದು ಎರಡನೆಯದು. ಈ ಕ್ರಮವನ್ನು ಪ್ರಭುವೇ ಮತ್ತಾಯರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಕಲಿಸಿದ್ದಾರೆ. ಅಗತ್ಯವಾದರೆ ಗುರುಮನೆಯ ಬಾಗಿಲು ಹಗಲಿರುಳೂ ತೆರೆದಿರುತ್ತದೆ. ಬಾಗಿಲು ತೆರೆಯದವರೂ ಇರಬಹುದು. ಹೋದವರ ನಡಿಗೆಯನ್ನು ದೇವರು ಮರೆಯುವುದಿಲ್ಲ.

ಮಹಾಪೂಜೆಯ ದಿನ ಶಾಂತಿಯನ್ನು ಹಾರೈಸುವ ಹೊತ್ತಿಗೆ ನಾವು ಎಡಕ್ಕೂ ಬಲಕ್ಕೂ ಸಮನಾಗಿ ತಿರುಗುವಂತಾದರೆ, ಈ ದೇವಾಲಯವನ್ನು ಕಟ್ಟಿದ ಹಿರಿಯರ ಆತ್ಮಗಳು ಸಂತೋಷಪಡುವುವು. ನಜರೇತಿನ ಆ ಪುಟ್ಟ ಮನೆಯಲ್ಲಿ ದುಡಿದು, ಉಂಡು, ಪ್ರಾರ್ಥಿಸಿ ಬಾಳಿದ ಯೇಸು, ಮರಿಯಮ್ಮ, ಜೋಸೆಫರ ಪವಿತ್ರ ಕುಟುಂಬವು ನಮ್ಮ ಕುಟುಂಬಗಳಿಗಾಗಿ ಬೇಡಿಕೊಳ್ಳಲಿ. ಪಿತ, ಸುತ, ಪವಿತ್ರಾತ್ಮರ ಆಶೀರ್ವಾದವು ನಿಮ್ಮ ಮೇಲೂ ನಿಮ್ಮ ಮನೆಗಳ ಮೇಲೂ ಸದಾ ನೆಲೆಸಿರಲಿ. ಆಮೆನ್.