ಶುಶ್ರೂಷೆಗೊಂದು ಹೊಸ ಪಾಠ

ವಾಡಿ ಜಂಕ್ಷನ್ ನಮ್ಮಲ್ಲಿ ಬಹುಮಂದಿಗೆ ಪರಿಚಿತವಾದದ್ದೆ. ಮುಂಬಯಿಯ ಕಡೆಯಿಂದ ಶಹಾಬಾದ ದಾಟಿ ಬರುವ ರೈಲುಹಾದಿ ಅಲ್ಲಿ ಕವಲೊಡೆಯುತ್ತದೆ. ಅದರ ಒಂದು ಕವಲು ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುತ್ತದೆ. ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ, ಹಾಸುಗಲ್ಲು, ತೊಗರಿ, ಇವು ಈ ಸೀಮೆಯ ಬದುಕು. ತೊಗರಿಯ ರಾಶಿ ಮುಗಿಯಿತೆಂದರೆ ಚಿಂಚೋಳಿ, ಸೇಡಂಗಳ ಹಳ್ಳಿ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಇದೇ ರೈಲು ಹತ್ತಿ ದೂರದ ಊರುಗಳಿಗೆ ಕೂಲಿಗೆ ಹೋಗುತ್ತವೆ. ಮನುಷ್ಯನ ಜೊತೆಗೆ ಅವನ ರೋಗವೂ ಪ್ರಯಾಣ ಮಾಡುತ್ತದೆ. ಆದರೆ ಅವನ ಚಿಕಿತ್ಸೆಯ ವಿವರ ಬರೆದಿಟ್ಟ ವಹಿ ಮಾತ್ರ ಊರಿನ ದವಾಖಾನೆಯ ಕಪಾಟಿನಲ್ಲೇ ಉಳಿಯುತ್ತದೆ.

ಕ್ಷಯರೋಗವನ್ನೇ ನೋಡೋಣ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಬಿಡದೆ ಔಷಧ ಸೇವಿಸಬೇಕು. ಎರಡನೆಯ ತಿಂಗಳಲ್ಲೇ ಕೆಮ್ಮು ಇಳಿಯಿತೆಂದು ರೋಗಿ ಊರು ಬಿಟ್ಟರೆ, ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುವ ಭಯವಿದೆ. 2012ರಲ್ಲಿ ಆರಂಭವಾದ ‘ನಿಕ್ಷಯ್’ ಎಂಬ ಗಣಕವ್ಯವಸ್ಥೆಯ ಪ್ರಯೋಜನ ಇಲ್ಲಿಯೇ. ಅದರಲ್ಲಿ ಹೆಸರು ದಾಖಲಾದ ರೋಗಿಯನ್ನು ಬೇರೊಂದು ಊರಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಅಲ್ಲಿಯವರು ನಿಂತಲ್ಲಿಂದ ಚಿಕಿತ್ಸೆಯನ್ನು ಮುಂದುವರಿಸಬಹುದು. 2012ರಿಂದ ಖಾಸಗಿ ಹಾಗೂ ಧರ್ಮಾರ್ಥ ಆಸ್ಪತ್ರೆಗಳೂ ಕ್ಷಯರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಹೀಗಾಗಿ ಶುಶ್ರೂಷೆಯನ್ನೇ ವ್ರತವಾಗಿ ಹಿಡಿದ ಕ್ರೈಸ್ತ ಸೋದರಿಯರೂ ಈ ವಿದ್ಯೆಯನ್ನು ಕಲಿಯಬೇಕಾಗಿದೆ.

ಹೊಸ ವಿದ್ಯೆ ಕಲಿಯುವುದು ಅವರಿಗೆ ಹೊಸದೇನಲ್ಲ. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ಸನ್ಯಾಸಿನಿಯರು ವೈದ್ಯವೃತ್ತಿ ನಡೆಸುವ ರೂಢಿ ಆಗ ಇರಲಿಲ್ಲ. ಪೋಪರ ವಿಶೇಷ ಅನುಮತಿ ಬೇಕಾಯಿತು. 1936ರಲ್ಲಿ ರೋಮಿನ ಆಜ್ಞೆಯಿಂದ ಆ ಬಾಗಿಲು ಉಳಿದ ಸೋದರಿಯರಿಗೂ ತೆರೆಯಿತು. ಆಕೆ ಊರ ಹೆಂಗಸರಿಗೆ ಸೂಲಗಿತ್ತಿಯ ಕೆಲಸ, ದಾದಿಯ ಕೆಲಸ, ಔಷಧ ಕೊಡುವ ಕೆಲಸ ಕಲಿಸಿದರು. 1943ರಲ್ಲಿ ಸೋದರಿಯರನ್ನು ಕೂಡಿಸಿ ಅವರು ಕಟ್ಟಿದ ಸಂಘವೇ ಇಂದಿನ ಭಾರತದ ಕ್ಯಾಥೊಲಿಕ್ ಆರೋಗ್ಯ ಸಂಘ. 1957ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಸಂಘದ ಕಚೇರಿ ಇರುವುದು ಸಿಕಂದರಾಬಾದಿನಲ್ಲಿ, ನಮ್ಮ ವಾಡಿ, ಸೇಡಂಗಳ ರೈಲು ಹೋಗಿ ಸೇರುವ ಊರಿನಲ್ಲಿ.

ಹಾಗಾದರೆ ಈ ಹೊಸ ಪಾಠದಲ್ಲಿ ಏನೇನಿರಬೇಕು? ಮೊಬೈಲಿನ ಗುಂಡಿ ಒತ್ತುವುದನ್ನು ಎರಡು ದಿನಗಳಲ್ಲಿ ಕಲಿಸಬಹುದು. ಕಷ್ಟವಿರುವುದು ಬೇರೆ ಕಡೆ. ಈ ಸೀಮೆಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಒಬ್ಬಳ ಹೆಸರನ್ನೇ ಇಬ್ಬರು ಎರಡು ರೀತಿಯಲ್ಲಿ ಬರೆದರೆ ಯಂತ್ರಕ್ಕೆ ಅವಳು ಇಬ್ಬರು ಹೆಂಗಸರಾಗಿ ಕಾಣುತ್ತಾಳೆ. ಆದ್ದರಿಂದ ಹೆಸರನ್ನು ಕಾಗದದೊಡನೆ ತಾಳೆ ನೋಡಿ ಬರೆಯುವುದು ಮೊದಲನೆಯ ಪಾಠ.

ಎರಡನೆಯದು ಗುಟ್ಟನ್ನು ಕಾಪಾಡುವುದು. 2021ರಲ್ಲಿ ದೇಶವ್ಯಾಪಿಯಾದ ಡಿಜಿಟಲ್ ಆರೋಗ್ಯ ಯೋಜನೆಯಲ್ಲಿ ಪ್ರತಿಯೊಬ್ಬರಿಗೂ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಆಧಾರ್ ಮೂಲಕ ಅದನ್ನು ಪಡೆಯುವಾಗ ಓ.ಟಿ.ಪಿ. ಮೊಬೈಲಿಗೆ ಬರುತ್ತದೆ. ಆ ಮೊಬೈಲು ಗಂಡನದೋ ಮೈದುನನದೋ ಆಗಿದ್ದರೆ? ಹೆಣ್ಣುಮಗಳು ಸೋದರಿಯ ಕಿವಿಯಲ್ಲಿ ಮಾತ್ರ ಹೇಳಿದ ಮಾತು ಮನೆಯ ಪಡಸಾಲೆಗೆ ಬಂದೀತು. “ಯವ್ವಾ, ಈ ನಂಬರು ಯಾರ ಫೋನಿಂದು? ನಿನ್ನ ಬ್ಯಾನಿ ಇದರಾಗ ಬರಿಯಾಕ ನಿನಗ ಒಪ್ಪಿಗಿ ಅದ ಏನು?” ಎಂದು ಮೊದಲು ಕೇಳಬೇಕು. ಆಕೆ ಬೇಡವೆಂದರೆ ಬರೆಯದೆ ಬಿಡುವುದನ್ನೂ ಕಲಿಸಬೇಕು. ಅದರಿಂದ ಆಕೆಯ ಔಷಧ ನಿಲ್ಲಬಾರದು.

ಮೂರನೆಯದು ತನ್ನ ಎಲ್ಲೆ ತಿಳಿದಿರುವುದು. 2019ರಲ್ಲಿ ಆರಂಭವಾದ ‘ಇ-ಸಂಜೀವನಿ’ಯಲ್ಲಿ ಹಳ್ಳಿಯ ಆರೋಗ್ಯಕೇಂದ್ರದಿಂದಲೇ ದೂರದ ವೈದ್ಯರ ಸಲಹೆ ಪಡೆಯಬಹುದು. 2020ರ ಮಾರ್ಚಿಯಲ್ಲಿ ಪ್ರಕಟವಾದ ದೂರವೈದ್ಯದ ನಿಯಮಗಳಂತೆ, ಔಷಧ ಬರೆದುಕೊಡುವವರು ನೋಂದಾಯಿತ ವೈದ್ಯರು; ದಾದಿಯು ನಡುವೆ ನಿಂತು ನೆರವಾಗುವವಳು. ರೋಗಿಯ ಮುಖದ ಬಿಳಿಚಿಕೆ, ಉಸಿರಿನ ಏದುಸಿರು ಪರದೆಯಲ್ಲಿ ಸರಿಯಾಗಿ ಕಾಣಲಿಕ್ಕಿಲ್ಲ. ಕಂಡದ್ದನ್ನು ಕಂಡಂತೆ ವೈದ್ಯರಿಗೆ ಹೇಳುವುದೇ ಆಕೆಯ ವಿದ್ಯೆ.

ಚಿಂಚೋಳಿಯ ಕಾಡಂಚಿನಲ್ಲಿ ನೆಟ್‌ವರ್ಕು ಹೋದ ದಿನ ಏನು ಮಾಡುವುದು? ಹಳೆಯ ವಹಿ ಇರಲೇಬೇಕು. ಬೆಳಿಗ್ಗೆ ವಹಿಯಲ್ಲಿ ಬರೆದು, ಸಂಜೆ ಯಂತ್ರಕ್ಕೆ ಏರಿಸುವ ತಾಳ್ಮೆಯೂ ಶಿಕ್ಷಣದ ಭಾಗವೇ.

ಶ್ರೋತೃಗಳಾದ ನಾವೂ ಮಾಡಬೇಕಾದದ್ದು ಇಷ್ಟಿದೆ: ಆಸ್ಪತ್ರೆಯ ಚೀಟಿಗಳನ್ನು ಜೋಪಾನವಾಗಿಡುವುದು, ಎಲ್ಲ ಕಡೆಯೂ ಒಂದೇ ರೀತಿ ಹೆಸರು ಹೇಳುವುದು, ಏತಕ್ಕೆಂದು ತಿಳಿಯದೆ ಯಾರಿಗೂ ಓ.ಟಿ.ಪಿ. ಕೊಡದಿರುವುದು, ಮನೆಯ ಹೆಣ್ಣುಮಕ್ಕಳ ಆರೋಗ್ಯದ ದಾಖಲೆ ಅವರದೇ ಕೈಯಲ್ಲಿರಲು ಬಿಡುವುದು. ಯಂತ್ರವು ಲೆಕ್ಕವನ್ನು ನೆನಪಿಡಬಲ್ಲದು. ಆದರೆ ಊರು ಬಿಟ್ಟುಹೊರಟ ಕೂಲಿಯವನನ್ನು ತಡೆದು ನಿಲ್ಲಿಸಿ, “ಹೋಗುವ ಊರು ಯಾವುದಪ್ಪಾ, ಗುಳಿಗೆ ಎಷ್ಟು ಉಳಿದಿವೆ?” ಎಂದು ಕೇಳಲು ಮನುಷ್ಯರೇ ಬೇಕು.