ಮಕ್ಕಳ ಡಾಕ್ಟರಾಗುವ ದಾರಿ



ಶೇಗಾಂವ ಎಂದ ಕೂಡಲೇ ಹೊರಗಿನವರು ಬುಲಢಾಣಾ ಜಿಲ್ಲೆಯ ಗಜಾನನ ಮಹಾರಾಜರ ಶೇಗಾಂವ ಎಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ನಮ್ಮ ಜತ್ತ ತಾಲೂಕಿನ ಶೇಗಾಂವದ ಮಾತು. ಈ ಭಾಗದಲ್ಲಿ ಕೂಸಿಗೆ ಜಡ್ಡು ಬಂದರೆ ಜತ್ತ. ಅಲ್ಲಿ ಆಗದಿದ್ದರೆ ಸಾಂಗಲಿ, ಮಿರಜ, ಇಲ್ಲವೆ ವಿಜಯಪುರ. ಅಷ್ಟು ದೂರ ಕೂಸನ್ನು ಎತ್ತಿಕೊಂಡು ಹೋದ ತಾಯಿ ಡಾಕ್ಟರ ಮುಂದೆ ನಿಂತು, "ಕೂಸು ಮೊಲಿ ಹಿಡೀವಲ್ದರಿ" ಅನ್ನುತ್ತಾಳೆ. ಹಸುಗೂಸು ಹಾಲು ಕುಡಿಯುವುದನ್ನು ಬಿಟ್ಟಿತೆಂದರೆ ಅದು ಅಪಾಯದ ದೊಡ್ಡ ಗುರುತು. ಕೂಸು ತಾನಾಗಿ ಹೇಳಲಾರದು, ತಾಯಿಯ ಮಾತೇ ಅದರ ಮಾತು. ಆ ಮಾತನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ನೆಟ್ಟಗೆ ತಿಳಿಯುವವರು ನಮ್ಮ ಗಡಿಯ ಮಕ್ಕಳೇ. ಅವರಲ್ಲಿ ಕೆಲವರಾದರೂ ಮಕ್ಕಳ ಡಾಕ್ಟರಾಗಲಿ ಎಂಬ ಆಸೆಯಿಂದ ಇಂದು ಆ ದಾರಿಯನ್ನು ವಿವರಿಸುತ್ತೇನೆ.

ದಾರಿ ಉದ್ದವಿದೆ, ಅದನ್ನು ಮುಚ್ಚಿಡುವುದಿಲ್ಲ. ಹನ್ನೆರಡನೇ ಇಯತ್ತೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಆಮೇಲೆ ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ನಂತರ ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ., ಮೂರು ವರ್ಷ. ಎಲ್ಲಿಯೂ ತಡೆಯಾಗದೆ ಹೋದರೂ ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಾಗುತ್ತದೆ.

ಆದರೆ ದಾರಿ ಕವಲೊಡೆಯುವುದು ಮೆಡಿಕಲ್ ಕಾಲೇಜಿನ ಬಾಗಿಲಲ್ಲಲ್ಲ. ಹತ್ತನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಜತ್ತ, ಸಾಂಗಲಿಯ ಕಾಲೇಜೋ, ಗಡಿ ದಾಟಿ ವಿಜಯಪುರದ ಪಿ.ಯು. ಕಾಲೇಜೋ? ಹಾಸ್ಟೆಲು, ನೆಂಟರ ಮನೆ ನೋಡಿ ನಾವು ತೀರ್ಮಾನ ಮಾಡಿಬಿಡುತ್ತೇವೆ. ಮಹಾರಾಷ್ಟ್ರದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನೂರಕ್ಕೆ 85 ಸೀಟು ರಾಜ್ಯದ ಪಾಲು, 15 ಅಖಿಲ ಭಾರತದ ಪಾಲು. ಆ 85ರಲ್ಲಿ ಸೇರಲು ಸಾಮಾನ್ಯವಾಗಿ ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದಲ್ಲೇ ಆಗಿರಬೇಕು. ಪಿ.ಯು.ಗೆ ಗಡಿ ದಾಟಿದ ಹುಡುಗನಿಗೆ ಮಿರಜದ ಸರ್ಕಾರಿ ಕಾಲೇಜಿನ ಈ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. 1962ರಲ್ಲಿ ಶುರುವಾದ, ನಮಗೆ ಎಲ್ಲಕ್ಕಿಂತ ಹತ್ತಿರದ ಸರ್ಕಾರಿ ಕಾಲೇಜುಗಳಲ್ಲಿ ಒಂದು ಅದು.

ಕರ್ನಾಟಕದ ಕಡೆ ಏನಿದೆ? ಅಲ್ಲಿ ಏಳು ವರ್ಷ ಶಾಲೆ ಕಲಿತಿರಬೇಕು ಎಂಬುದು ಸಾಮಾನ್ಯ ನಿಯಮ. ಎರಡು ವರ್ಷದ ಪಿ.ಯು. ಅದಕ್ಕೆ ಸಾಲದು. ಆದರೆ ಪಿ.ಯು. ಎರಡೂ ವರ್ಷ ಅಲ್ಲೇ ಓದಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಕಲಿತಿದ್ದರೆ ಅದಕ್ಕೊಂದು ಕಲಮು ಇದೆ. ಇಂಡಿ, ಅಥಣಿ ಕಡೆಯಿಂದ ಸೊಸೆಯಾಗಿ ಬಂದ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ನಿಮ್ಮ ತವರಿನ ಶಾಲೆಯ ಹಳೆಯ ದಾಖಲೆ ಮಗಳ ಕೆಲಸಕ್ಕೆ ಬಂದೀತು, ಅವ್ವಂದಿರೆ. ಇನ್ನೊಂದು, ಗಡಿನಾಡ ಕನ್ನಡಿಗರ ಕಲಮು. ಅದರಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಗಡಹಿಂಗ್ಲಜಗಳ ಜೊತೆಗೆ ಜತ್ತ ತಾಲೂಕಿನ ಹೆಸರು ಬರೆದೇ ಇದೆ. ಮಾತೃಭಾಷೆ ಕನ್ನಡವಾಗಿದ್ದು ಈ ತಾಲೂಕಿನಲ್ಲೇ ಏಳು ವರ್ಷ ಓದಿರಬೇಕು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಯಾವ ಕೋರ್ಸಿಗೆ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿರಿ. ಕಟ್ಟೆಯ ಮೇಲಿನ ಮಾತು ನಂಬಬೇಡಿರಿ. (ಮಹಾರಾಷ್ಟ್ರವೂ ಕರ್ನಾಟಕದೊಳಗಿನ 865 ಹಳ್ಳಿಗಳ ಮಕ್ಕಳಿಗೆ ಇಂಥದೇ ಅವಕಾಶ ಇಟ್ಟಿದೆ. ಜಗಳದಿಂದ ಹುಟ್ಟಿದ ಲಾಭವೆಂದರೆ ಇದೊಂದೇ ಏನೋ.)

ಇನ್ನು ನೀಟ್ ಪರೀಕ್ಷೆ. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಕನ್ನಡದಲ್ಲೂ ಮರಾಠಿಯಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಆದರೆ ಕನ್ನಡದ್ದು ಕರ್ನಾಟಕದ ಕೇಂದ್ರಗಳಲ್ಲಿ, ಮರಾಠಿಯದು ಮಹಾರಾಷ್ಟ್ರದ ಕೇಂದ್ರಗಳಲ್ಲಿ ಮಾತ್ರ. ಅರ್ಜಿ ತುಂಬುವಾಗಲೇ ಯೋಚಿಸಬೇಕು. ನನ್ನನ್ನು ಕೇಳಿದರೆ, ಹನ್ನೊಂದನೆಯದರಿಂದ ಇಂಗ್ಲಿಷಿನಲ್ಲೇ ವಿಜ್ಞಾನ ಓದಿದವರು ಇಂಗ್ಲಿಷ್ ಪತ್ರಿಕೆಯನ್ನೇ ಬರೆಯುವುದು ಮೇಲು. ಕನ್ನಡ ಶಾಲೆಯಿಂದ ಬಂದವರಿಗೆ ಮೊದಲ ಆರು ತಿಂಗಳು ಪುಸ್ತಕ ಕಬ್ಬಿಣದ ಕಡಲೆ. ಆಮೇಲೆ ಹಲ್ಲು ಗಟ್ಟಿಯಾಗುತ್ತದೆ.

ಎಂ.ಬಿ.ಬಿ.ಎಸ್.ನಲ್ಲಿ ಎಲ್ಲ ರೋಗಗಳ ಪರಿಚಯವಾಗುತ್ತದೆ. ಅದಾದ ಮೇಲೆ ನೀಟ್ ಪಿ.ಜಿ. ಎಂಬ ಇನ್ನೊಂದು ಪರೀಕ್ಷೆ ಬರೆದು ಎಂ.ಡಿ. ಸೇರಬೇಕು. ಡಿ.ಎನ್.ಬಿ. ಎಂಬ ಮೂರು ವರ್ಷದ ಓದೂ ಅದಕ್ಕೆ ಸಮಾನ. ಎರಡು ವರ್ಷದ ಡಿಪ್ಲೊಮಾ ಕೂಡ ಇದೆ. ಈ ಮೂರು ವರ್ಷಗಳಲ್ಲಿ ಓದಿಗಿಂತ ದುಡಿತ ಹೆಚ್ಚು. ರಾತ್ರಿ ಪಾಳಿ, ಹುಟ್ಟಿದ ಕೂಸುಗಳ ಘಟಕ, ಲಸಿಕೆ, ಹೊರರೋಗಿ ವಿಭಾಗ. ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲೂ ಕೆಲಸ ಮಾಡಬೇಕು. ಮಗು ಎಂದರೆ ಸಣ್ಣ ಆಕಾರದ ದೊಡ್ಡ ಮನುಷ್ಯನಲ್ಲ ಎಂಬುದು ಅಲ್ಲಿ ಕೈಗೆ ಹತ್ತುತ್ತದೆ. ಪ್ರತಿ ಔಷಧಿಯನ್ನೂ ತೂಕ ನೋಡಿ ಲೆಕ್ಕ ಹಾಕಬೇಕು. ಕೆಮ್ಮುವ ಕೂಸಿನ ಅಂಗಿ ಎತ್ತಿ, ಗಡಿಯಾರ ಹಿಡಿದು, ಒಂದು ಪೂರ್ತಿ ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40. ಅಷ್ಟು ಮುಟ್ಟಿದರೆ ಉಸಿರಾಟ ಜೋರಾಯಿತೆಂದೇ ಅರ್ಥ, ನ್ಯುಮೋನಿಯಾದ ಸಂಶಯ ಪಡಬೇಕು. ಅಳುವ ಕೂಸಿನ ಉಸಿರು ಎಣಿಸಲಾಗದು. ಅದು ಸುಮ್ಮನಾಗುವ ತನಕ ಕಾಯುವ ತಾಳ್ಮೆಯೂ ಈ ಓದಿನ ಒಂದು ಭಾಗವೇ.

ಖರ್ಚಿನ ಮಾತು. ಸರ್ಕಾರಿ ಕಾಲೇಜಿಗೂ ಖಾಸಗಿ ಕಾಲೇಜಿಗೂ ಫೀಯಲ್ಲಿ ಆಕಾಶ ಭೂಮಿಯ ಅಂತರ. ಹೊಲ ಮಾರಿ ಖಾಸಗಿ ಸೀಟು ಹಿಡಿಯುವ ಬದಲು ಇನ್ನೊಂದು ವರ್ಷ ಕೂತು ನೀಟ್ ಬರೆಯಲಿ. ವೃತ್ತಿಶಿಕ್ಷಣಕ್ಕೆ ಸೇರುವ, ವರ್ಷದ ಆದಾಯ ಎಂಟು ಲಕ್ಷದೊಳಗಿನ ಹಿಂದುಳಿದ ಮತ್ತು ಆರ್ಥಿಕವಾಗಿ ದುರ್ಬಲ ಕುಟುಂಬಗಳ ಹುಡುಗಿಯರ ಫೀಯನ್ನು 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಪೂರ್ತಿ ಮನ್ನಾ ಮಾಡಿತು. ಕಬ್ಬು ಕಡಿಯಲು ಹೋಗುವ ಮನೆಯವರೂ ಇದನ್ನು ಕೇಳಿಸಿಕೊಳ್ಳಿರಿ.

ಕೊನೆಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಮ್ಮ ಶಾಲೆಯ ದಾಖಲೆಯಲ್ಲಿ ಮಾತೃಭಾಷೆ ಎಂಬ ಒಂದು ಅಂಕಣ ಇರುತ್ತದೆ. ಹೆಸರು ಹಚ್ಚುವ ದಿನ ಗಡಿಬಿಡಿಯಲ್ಲಿ ಅಲ್ಲಿ ಏನು ಬರೆದರೆಂದು ನಾವು ನೋಡಿರುವುದಿಲ್ಲ. ನಾಳೆ ಶಾಲೆಗೆ ಹೋಗಿ ನೋಡಿರಿ. ತಪ್ಪಿದ್ದರೆ ಮಗು ಶಾಲೆ ಬಿಡುವ ಮೊದಲೇ ಹೆಡ್‌ಮಾಸ್ತರರನ್ನು ಕಂಡು ಸರಿ ಮಾಡಿಸಿಕೊಳ್ಳಿರಿ.