ತಾತನ ಡ್ಯೂಟಿ

ಮೊಮ್ಮಗಳಿಗೆ ಮುದ್ದೆ ಮುರಿದು ನುಂಗಿಸಿ ನೇರ ಇಲ್ಲಿಗೆ ಬಂದಿದ್ದೇನೆ. ಅಂಗಿಯ ತೋಳಿನ ಮೇಲೆ ಸೊಪ್ಪಿನ ಸಾರಿನ ಕಲೆ ಕಂಡರೆ, ಅದೇ ಇವತ್ತಿನ ಉಪನ್ಯಾಸದ ಟಿಪ್ಪಣಿ ಎಂದುಕೊಳ್ಳಿ.

ಮಗಳು, ಅಳಿಯ ಎಂಟೂವರೆಗೆ ಮನೆ ಬಿಡುತ್ತಾರೆ. ಅಲ್ಲಿಂದ ಸಂಜೆಯವರೆಗೆ ನಾಲ್ಕು ವರ್ಷದ ಹುಡುಗಿ ನನ್ನ ಪಾಲು. ಎಡಗಾಲಿನ ಚಪ್ಪಲಿಯನ್ನು ಎಡಗಾಲಿಗೇ ಹಾಕಿಸಲು ಹತ್ತು ನಿಮಿಷ. ಆಮೇಲೆ ಬೀದಿ ಕೊನೆಯ ಅಂಗನವಾಡಿ. ಎಷ್ಟೋ ದಿನ ಬಾಗಿಲಿನಿಂದಲೇ ವಾಪಸು. ಸಹಾಯಕಿಯ ಜಾಗ ವರ್ಷದಿಂದ ಖಾಲಿ. ಟೀಚರಮ್ಮ ಒಬ್ಬರೇ ಅಡುಗೆ ಮಾಡಬೇಕು, ಮೂಗು ಒರೆಸಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಲೆಕ್ಕ ತುಂಬಬೇಕು, ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತಬೇಕು. ಸುತ್ತುವ ದಿನ ಬಾಗಿಲಿಗೆ ಬೀಗ. ಆಕೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸರ್ಕಾರ ಕೊಡುವುದು ಸಂಬಳವಲ್ಲ, ಗೌರವಧನ. ಧನ ಸಾಲದ ಕಡೆ ಗೌರವ ಬೆರೆಸುವುದು ನಮ್ಮ ಹಳೆಯ ಜಾಣತನ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2022 ಬಂದಿತ್ತು.

ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದ ಮೊದಲ ನೂರು ಕೇಂದ್ರಗಳು ಇಲ್ಲೇ ಮಗ್ಗುಲಿನ ಟಿ. ನರಸೀಪುರದಲ್ಲಿ. ಮುಂದೆ ನಾನು ಅದೇ ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದೆ. ಮಗಳು ಹೋದದ್ದು ಅಲ್ಲಿನ ಅಂಗನವಾಡಿಗೇ. ಜಗಲಿಯ ತೊಲೆಗೆ ಒಂದು ಸ್ಪ್ರಿಂಗ್ ತಕ್ಕಡಿ, ಅದಕ್ಕೊಂದು ಚೀಲ. ಪಟೇಲರ ಮನೆಯ ಮಗುವೂ ಕೂಲಿಯವರ ಮಗುವೂ ಅದೇ ಚೀಲದಲ್ಲಿ ಕಾಲು ಇಳಿಬಿಟ್ಟು ಅಳುತ್ತಿದ್ದವು. ತೂಕ ಇಳಿದಿದೆಯೆಂದು ಪಟೇಲರ ಹೆಂಡತಿ ಜಗಳಕ್ಕೆ ನಿಂತರೆ ಮಾರನೆಯ ದಿನ ಎಲ್ಲ ಮಕ್ಕಳ ಬಟ್ಟಲೂ ತುಂಬುತ್ತಿತ್ತು.

ಈಗ ಕೊಡುವುದು ಕಡಿಮೆಯಾಗಿದೆ ಎಂದರೆ ತಪ್ಪಾದೀತು. 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಮೊಟ್ಟೆಯೂ ಇದೆ. ಇಲ್ಲದಿರುವುದು ಜಗಳಕ್ಕೆ ನಿಲ್ಲುವವರು. ಕೈಲಾದವರೆಲ್ಲ ಮಕ್ಕಳನ್ನು ಹಳದಿ ವ್ಯಾನ್ ಹತ್ತಿಸಿಬಿಟ್ಟರು. ನಾನೇನು ಮಾಡಿದೆ? ಬೀಗ ಕಂಡಾಗಲೆಲ್ಲ ಮಗುವನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ಮನೆಗೆ ಬಂದೆ. ಒಂದು ಅರ್ಜಿ ಬರೆಯಲಿಲ್ಲ. ಪಿಂಚಣಿ ಬರುತ್ತದೆ, ಹೊತ್ತು ಇದೆ. ಸರ್ಕಾರದ ಖಾಲಿ ಹುದ್ದೆಯಲ್ಲಿ ನನ್ನಂಥ ತಾತಂದಿರು ಕೂತಿರುವಾಗ ಅದು ಖಾಲಿ ಎಂದು ಯಾರಿಗೆ ಗೊತ್ತಾಗಬೇಕು?

ಸಂಜೆ ಮೊಮ್ಮಗಳೊಂದಿಗೆ ಹೋಗುವ ಲೈಬ್ರರಿಯ ಕಥೆಯೂ ಬೇರೆಯಲ್ಲ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಮಕ್ಕಳ ಪುಸ್ತಕದ ಬೀರುವಿನ ಕೀಲಿ ಮಾತ್ರ ಯಾವಾಗಲೂ ರಜೆಯ ಮೇಲಿರುವವರ ಹತ್ತಿರ.

ಮೊನ್ನೆ ಅಂಗನವಾಡಿಯ ಬೀಗದ ಮುಂದೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳೊಬ್ಬಳು ಮೂರು ವರ್ಷದ ಮಗನ ಕೈ ಹಿಡಿದು ನಿಂತಿದ್ದಳು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಆ ಮಾತೆತ್ತಿದೆ. ಅವಳು ನನ್ನನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡಿ, "ಮೇಷ್ಟ್ರೇ, ಇವತ್ತೊಂದ್ ದಿನ ಇವನ್ನೂ ನೋಡ್ಕೋತೀರಾ?" ಎಂದಳು. ಕರೆದುಕೊಂಡು ಬಂದೆ. ಅವನೂ ಎಡಬಲದ ಚಪ್ಪಲಿಯವನೇ. ರಾತ್ರಿ ಬಂದು, ಬೇಡವೆಂದರೂ ಬಿಸ್ಕತ್ತಿನ ಪೊಟ್ಟಣ ಕಟ್ಟೆಯ ಮೇಲಿಟ್ಟು, "ನಾಳೇನೂ ಬೀಗ ಇದ್ರೆ?" ಎಂದು ಕೇಳಿದಳು. ನಾಳೆ ನನಗೆ ಮೊಣಕಾಲಿನ ಡಾಕ್ಟರ ಹತ್ತಿರ ಹೋಗುವುದಿತ್ತು.